ಅಂಗಡಿಯ ನೀಲಿ

ಪೋರ್ತೊ ಊರಿನ ಇಳಿಜಾರು ಬೀದಿಯ ಎರಡನೇ ತಿರುವಿನಲ್ಲಿ
ನಮ್ಮ ಅಂಗಡಿ. ಗೋಡೆ ತುಂಬ ಪರದೆಗಳು.
ಎಲ್ಲದರಲ್ಲೂ ಅದೇ ಗಿಣಿ, ಅದೇ ಕೊಯ್ದ ಕಿತ್ತಳೆ;
ಬಾಗಿಲು ತೆಗೆದಾಗಿಂದ ಮುಚ್ಚುವವರೆಗೆ
ಒಂದು ಹಾರುತ್ತದೆ, ಒಂದು ಒಸರುತ್ತದೆ.
ಹನ್ನೊಂದು ವರ್ಷವಾಯಿತು,
ಇವೆರಡನ್ನು ಬಿಟ್ಟು ಬೇರೆ ಬಣ್ಣ ನೋಡಿದ ನೆನಪಿಲ್ಲ ನನಗೆ.

ಒಂದು ಮಂಗಳವಾರ, ಊಟದ ಹೊತ್ತು ಮೀರಿ,
ಡಿಯೋಲಿಂಡಾ ಎಂಬಾಕೆ ಬಂದಳು.
ಉಗುರ ಸಂದಿಯಲ್ಲಿ ಒಣಗಿದ ಸುಣ್ಣ.
ಚೀಲದಿಂದ ತೆಗೆದಳು ಮಡಿಸಿದ ಅಡುಗೆಮನೆ ಬಟ್ಟೆ,
ಬಟ್ಟೆಯೊಳಗೆ ಅರ್ಧ ಟೈಲು,
ಟೈಲಿನ ಮೇಲೆ ಅರ್ಧ ಹಡಗು.
ಹಾಯಿ ಒಡೆದುಹೋಗಿತ್ತು, ಸಮುದ್ರ ಉಳಿದಿತ್ತು.

"ಪ್ರಾರ್ಥನಾಮಂದಿರದ ಗೋಡೆಯದು. ಹೊಸ ಹಾಯಿ ಬರೆಯಬೇಕು.
ಮೊದಲು ಪರದೆಯಲ್ಲಿ, ಆಮೇಲೆ ಮಣ್ಣಿನಲ್ಲಿ.
ಈ ನೀಲಿ ಯಾವುದರಲ್ಲಿ ಕಾಣುತ್ತದೋ ಅದನ್ನು ಕೊಡು."

ನಾನು ಬಾಯಿಪಾಠ ಒಪ್ಪಿಸಿದೆ:
ಇಪ್ಪತ್ತೇಳು ಇಂಚು, ಫೋರ್ ಕೆ, ಎಂಬತ್ತು ಲಕ್ಷ ಚುಕ್ಕಿ,
ನೂರು ಕೋಟಿ ಬಣ್ಣ, ಮೂರು ವರ್ಷ ಗ್ಯಾರಂಟಿ.
"ನೂರು ಕೋಟಿ ನೀನೇ ಇಟ್ಟುಕೋ," ಎಂದಳು,
"ಮೊದಲು ಆ ಗಿಣಿಯನ್ನು ಆರಿಸು."

ಆರಿಸಿದೆ.
ಸಾಲಾಗಿ ಕಪ್ಪಾದವು ಆರು ಪರದೆ.
ಥಳಥಳಿಸುವ ಗಾಜಿನದರ ಮುಂದೆ ನಿಂತು
ಹಣೆಯ ಕೂದಲು ಸರಿಮಾಡಿಕೊಂಡಳು:
"ಇದು ಬೇಡ. ನನ್ನ ಮುಖ
ಬೆಳಗ್ಗೆ ಒಮ್ಮೆ ನೋಡಿದರೆ ಸಾಕಾಗುತ್ತದೆ."

ಉಳಿದವುಗಳಲ್ಲಿ ಟೈಲಿನ ಫೋಟೊ ತೆರೆಸಿ
ಪಕ್ಕಕ್ಕೆ ನಿಜದ ಚೂರನ್ನು ಹಿಡಿದಳು.
ಒಂದರ ಸಮುದ್ರ ಔಷಧಿ ಬಾಟಲಿಯ ಹಸಿರು.
ಒಂದರದ್ದು ಶಾಲೆಯ ಮಸಿ.
ಮೂರನೆಯದನ್ನು ಓರೆಯಿಂದ ನೋಡಿದರೆ
ನೀರೇ ಬತ್ತಿಹೋಗುತ್ತಿತ್ತು.

"ಇನ್ನು ಮನೆಯ ಮಾತು," ಎಂದು
ಕರೆಂಟು ಬಿಲ್ಲು ತೆರೆದಳು.
ಅಕ್ಷರಗಳು ಸಕ್ಕರೆ ಕಂಡ ಇರುವೆಗಳು.
ಒಂದೂವರೆ ಪಟ್ಟು ಹಿಗ್ಗಿಸಿದೆ.
ಅಂಚು ಕದಡಲಿಲ್ಲ; ಮೊತ್ತ ಸ್ವಚ್ಛವಾಗಿ ಕಂಡಿತು.
"ಕಾಣದಿದ್ದರೇ ಚೆನ್ನಾಗಿತ್ತು."
ಮಗ ಈವೊಗೆ ಒಂಬತ್ತು ವರ್ಷ, ಇವಳಿಗೆ ಕುತ್ತಿಗೆ ನೋವು;
ಒಂದೇ ಕಾಲು ಇಬ್ಬರಿಗೂ ಬಗ್ಗಬೇಕು.
ಮಾವನಿಗೆ ಭಾನುವಾರ ಸೋಫಾದಿಂದಲೇ
ಚೆಂಡು ಕಾಣಬೇಕು.
ಪರದೆಯನ್ನು ಏರಿಸಿದಳು, ಇಳಿಸಿದಳು,
ಕತ್ತು ತಿರುಗಿಸಿದಳು, ಕುರಿ ಕೊಳ್ಳುವವಳ ಹಾಗೆ.

ಕೊನೆಗೆ ಚೂರನ್ನು ಬಾಗಿಲಿಗೆ ಒಯ್ದಳು. ನಾನೂ ಹೋದೆ.
ಮೋಡ ಸರಿಯಿತು: ಒಂದು ನೀಲಿ.
ಟ್ರಾಮು ನೆರಳು ಹಾಸಿ ಹೋಯಿತು: ಇನ್ನೊಂದು.
ಎದುರು ಮನೆಯಾಕೆ ಕೆಂಪು ದುಪ್ಪಟಿ ಕೊಡವಿದಳು,
ಅರ್ಧ ಹಡಗಿಗೆ ಕೆನ್ನೆ ಬಂದಂತಾಯಿತು.
"ಯಾವುದಕ್ಕೆ ಹೊಂದಿಸಲಿ?" ಎಂದೆ.
ಬಹಳ ಹೊತ್ತು ಮಾತಿಲ್ಲ.
"ನಾಲ್ಕು ಗಂಟೆಯದಕ್ಕೆ. ಆ ಗೋಡೆ ಪಡುವಣಕ್ಕಿದೆ."

ನಾಲ್ಕಾಗುವವರೆಗೂ ಕುಳಿತೇ ಇದ್ದಳು, ನನ್ನ ಸ್ಟೂಲಿನ ಮೇಲೆ.

ಕೊಂಡದ್ದು ಮೂಲೆ ಜಜ್ಜಿದ ಪೆಟ್ಟಿಗೆಯದು,
ನಲವತ್ತು ಯೂರೊ ಕಡಿಮೆ, ಎರಡು ಕಂತು.
ತಾನೇ ತಬ್ಬಿಕೊಂಡು ದಿಬ್ಬ ಹತ್ತಿದಳು;
ಭಾರವಲ್ಲ, ತಬ್ಬಲು ಬಾರದಷ್ಟು ಅಗಲ.
ಮೂರು ಮೆಟ್ಟಿಲ ಮೇಲೆ ಮೂರು ಸಲ ಇಳಿಸಿದಳು.
ನಾನು ಗಿಣಿಯನ್ನು ಹಚ್ಚಿದೆ.

ಅಕ್ಟೋಬರಿನಲ್ಲಿ ಆ ದಾರಿಯಾಗಿ ಹೋದೆ. ಬೇಕೆಂದೇ, ನಾಲ್ಕು ಗಂಟೆಗೆ.
ಗೋಡೆ ತುಂಬ ಹಡಗು. ಮೂರನೇ ಸಾಲಿನಲ್ಲಿ
ಹೊಸ ಹಾಯಿ ಗಾಳಿ ತುಂಬಿಕೊಂಡು ನಿಂತಿತ್ತು,
ಉಳಿದವಕ್ಕಿಂತ ಒಂದೆಳೆ ಗಾಢ.
ಬೇರೆ ಯಾರ ಕಣ್ಣಿಗೂ ಬೀಳದು.
ಅಂಗಡಿಯ ಹೊಳಪು ಅಂಗಡಿಗೆ; ಮನೆಯಲ್ಲಿ ಅರ್ಧಕ್ಕೆ ಇಳಿಸಿ,
ಇಲ್ಲದಿದ್ದರೆ ಕೈ ತಾನಾಗಿ ಬಣ್ಣ ಕಪ್ಪು ಮಾಡುತ್ತದೆ ಎಂದು
ಎಲ್ಲರಿಗೂ ಹೇಳುತ್ತೇನೆ.
ಆಕೆಗೆ ಹೇಳಿರಲಿಲ್ಲ. ಅವತ್ತು ಟೈಲು ನೋಡುತ್ತಿದ್ದೆ.

ನಿಂತೇ ಇದ್ದೆ.
ಐದರ ಹೊತ್ತಿಗೆ ಬಿಸಿಲು ಇಳಿಯಿತು;
ಉಳಿದ ಹಡಗುಗಳೂ ಅದರ ಬಣ್ಣಕ್ಕೆ ಬಂದವು.